ಕ್ರಿಸ್ಮಸ್ ರಜೆ: ಹಗಲಿಗೆ ಅಡಿಕೆ, ರಾತ್ರಿಗೆ ಸಿನಿಮಾ

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಕಾಸರಗೋಡಿನ ಮಕ್ಕಳಿಗೂ ಮೇಷ್ಟ್ರುಗಳಿಗೂ ಸಿಕ್ಕುವುದು ಸುಮಾರು ಹತ್ತು ದಿನ. ರಾಜ್ಯದ ಗಡಿಯಾದ ತಲಪಾಡಿ ದಾಟಿದರೆ ಲೆಕ್ಕ ಬೇರೆ. ಕರ್ನಾಟಕದ ಶಾಲೆಗಳ ದೊಡ್ಡ ರಜೆ ದಸರಾದಲ್ಲೇ ಆಗಿಹೋಗಿರುತ್ತದೆ. ಪುತ್ತೂರು, ಸುಳ್ಯದ ನೆಂಟರ ಮಕ್ಕಳಿಗೆ ಹೆಚ್ಚಿನ ಕಡೆ ಇಪ್ಪತ್ತೈದನೇ ತಾರೀಕು ಮಾತ್ರ ಬಿಡುವು. ಹಾಗಾಗಿ ಇದು ನೆಂಟರು ತುಂಬಿಕೊಳ್ಳುವ ರಜೆ ಅಲ್ಲ. ಓಣಂ ರಜೆಗೆ ಮಳೆ ಬಿಟ್ಟಿರುವುದಿಲ್ಲ, ಏಪ್ರಿಲ್-ಮೇಯಲ್ಲಿ ಸೆಕೆ, ಅದರ ಮೇಲೆ ವಾರಕ್ಕೆರಡು ಮದುವೆ. ಬಾಕಿ ಕೆಲಸ ಮುಗಿಸಲಿಕ್ಕೆ, ಬಾಕಿ ಸಿನಿಮಾ ನೋಡಲಿಕ್ಕೆ ಡಿಸೆಂಬರಿನ ಈ ಹತ್ತು ದಿನವೇ ಒಳ್ಳೆಯದು.

ರಜೆ ಹಾಳಾಗುವುದು ಕ್ರಮ ತಪ್ಪಿ. ರಜೆ ಸಿಕ್ಕಿದ ಖುಷಿಗೆ ಮೊದಲ ಮೂರು ರಾತ್ರಿ ಎರಡು ಗಂಟೆ ತನಕ ಸಿನಿಮಾ, ಬೆಳಿಗ್ಗೆ ಒಂಬತ್ತಕ್ಕೆ ಏಳುವುದು, ಕೊನೆಯ ಎರಡು ದಿನ ಅಡಿಕೆ, ಪಂಪು, ವಿಲ್ಲೇಜ್ ಆಫೀಸು ಎಲ್ಲ ಒಟ್ಟಿಗೆ ತಲೆಮೇಲೆ. ನಮ್ಮ ಕಡೆಯ ಡಿಸೆಂಬರಿನ ಕೆಲಸಗಳೆಲ್ಲ ಬಿಸಿಲಿನವು. ಎಂಟರಿಂದ ನಾಲ್ಕೂವರೆ ತನಕದ ಬಿಸಿಲು ಬಿಟ್ಟರೆ ಅವಕ್ಕೆ ಬೇರೆ ಹೊತ್ತಿಲ್ಲ, ಸಿನಿಮಾಕ್ಕಾದರೆ ರಾತ್ರಿ ಇದ್ದೇ ಇದೆ. ಕೆಲಸಕ್ಕೊಂದು ಪಟ್ಟಿ, ಸಿನಿಮಾಕ್ಕೊಂದು ಪಟ್ಟಿ ಎಂದು ಮಾಡಿಕೊಂಡರೆ ಎರಡೂ ಒಂದಕ್ಕೊಂದು ಅಡ್ಡ ಬರುತ್ತವೆ. ಅದರ ಬದಲು ಕ್ಯಾಲೆಂಡರಿನಲ್ಲಿ ಒಂದೊಂದು ದಿನದ ಎದುರು ಹಗಲಿಗೆ ಒಂದು ಕೆಲಸ, ರಾತ್ರಿಗೆ ಒಂದು ಸಿನಿಮಾ ಬರೆದಿಡಿ, ಕೆಲವು ರಾತ್ರಿ ಖಾಲಿ ಬಿಡಿ. ಹತ್ತು ದಿನಕ್ಕೆ ಆರು ಸಿನಿಮಾ ಧಾರಾಳ. ದಿನಕ್ಕೆರಡು ಹಾಕಿಕೊಂಡವರಿಗೆ ವಾರದ ಕೊನೆಗೆ ಯಾವ ಕತೆ ಯಾವುದರದ್ದು ಎಂದೇ ನೆನಪಿರುವುದಿಲ್ಲ. ಅರ್ಧ ಸಿನಿಮಾಕ್ಕೆ ಫೋನು ಉಜ್ಜುತ್ತ ಕೂತಿರುತ್ತಾರೆ.

ಮೊದಲು ಅಂಗಳ. ಮೊದಲ ಕೊಯ್ಲಿನ ಹಣ್ಣಡಿಕೆ ಈ ಹೊತ್ತಿಗೆ ಕೆಳಗಿಳಿದಿರುತ್ತದೆ. ಅದು ಒಣಗಿ ಚಾಲಿ (ಸುಲಿದು ಮಾರುವ ಒಣ ಅಡಿಕೆ) ಆಗಲಿಕ್ಕೆ 40ರಿಂದ 45 ದಿನದ ಬಿಸಿಲು ಬೇಕಾದ್ದರಿಂದ ರಜೆಯಲ್ಲಿ ಮುಗಿಯುವ ಕೆಲಸವಲ್ಲ. ರಜೆಯಲ್ಲಿ ಸರಿಮಾಡಬಹುದಾದ್ದು ಹರಡಿದ ರೀತಿಯನ್ನು. ಒಂದರ ಮೇಲೊಂದು ಬೀಳದಂತೆ ಒಂದೇ ಪದರ ಇರಬೇಕು. ಜಾಗ ಸಾಲದೆಂದು ದಪ್ಪಕ್ಕೆ ಹರಡಿದರೆ ಅಡಿಯದ್ದು ಬೆವರಿ ಬೂಸ್ಟು ಹಿಡಿಯುತ್ತದೆ, ಸುಲಿದು ನೋಡುವಾಗ ಒಳಗೆ ಕಪ್ಪು. ಚಾಲಿಯ ದರಕ್ಕೆ ಹೋಗಬೇಕಾದ್ದು ಕರಿಗೋಟಿನ, ಎಂದರೆ ಕಪ್ಪಾದ ಕಳಪೆ ಅಡಿಕೆಯ, ದರಕ್ಕೆ ಹೋಗುತ್ತದೆ. ವಾರಕ್ಕೊಮ್ಮೆಯಾದರೂ ಮಗುಚಬೇಕು. ಇದು ಮಕ್ಕಳಿಗೆ ಹೇಳಿಮಾಡಿಸಿದ ಕೆಲಸ: ಅಂಗಳದ ಒಂದು ಮೂಲೆಯಿಂದ ಸಾಲು ಹಿಡಿದು ಕಾಲೆಳೆಯುತ್ತ ನಡೆದರಾಯಿತು, ಅಡಿಕೆ ತಾನಾಗಿ ಹೊರಳುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಮತ್ತೆ ಅವರು ಕೇಳಿದ ಕಾರ್ಟೂನಿಗೆ ಇಲ್ಲವೆನ್ನಲು ಕಾರಣವೂ ಇರುವುದಿಲ್ಲ.

ಅಕಾಲ ಮಳೆಯ ಹೆದರಿಕೆಗೆ, ಇಬ್ಬನಿಯ ಹೆದರಿಕೆಗೆ ರಾತ್ರಿ ಟರ್ಪಾಲು ಹೊದೆಸುವವರು ಒಂದು ಮಾತು ನೆನಪಿಡಬೇಕು. ಹೊದೆಸಿದ್ದನ್ನು ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಇಳಿಯುವ ಮೊದಲೇ ತೆಗೆಯಬೇಕು. ತಡಮಾಡಿದರೆ ಒಳಗೆ ಹಬೆ ಕಟ್ಟಿ, ಟರ್ಪಾಲಿನ ಅಡಿಯಿಂದ ನೀರು ತೊಟ್ಟಿಕ್ಕಿ, ಒಣಗಿದ್ದು ಪುನಃ ಒದ್ದೆಯಾಗುತ್ತದೆ. ರಾತ್ರಿ ಎರಡು ಗಂಟೆಯ ಸಿನಿಮಾ ಅಡಿಕೆಗೆ ತಾಗುವುದು ಹೀಗೆ. ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಗೂಡು ಇದ್ದವರಿಗೆ ಮಳೆಯ ಭಯ ಇಲ್ಲ, ಆದರೆ ಮೇಲಿನ ಗಾಳಿಕಂಡಿ ಮುಚ್ಚಿದ್ದರೆ ಅಲ್ಲಿಯೂ ಇದೇ ಕತೆ. ಹಿಂದಿನ ತಿಂಗಳಲ್ಲೇ ಹಾಕಿದ್ದ ಅಡಿಕೆ ಇದ್ದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ. ಒಳಗಿನದ್ದು ಸಿಪ್ಪೆ ಬಿಟ್ಟು ಕಟಕಟ ಎಂದರೆ ಒಣಗಿದೆ. ಸದ್ದಿಲ್ಲದಿದ್ದರೆ ಇನ್ನೊಂದು ವಾರ.

ತೋಟಕ್ಕೆ ನೀರು ಬಿಡುವುದೂ ಈಗಲೇ ಶುರು. ಸ್ಪ್ರಿಂಕ್ಲರ್ ಅಥವಾ ಹೋಸಿನಲ್ಲಿ ಬಿಡುವುದಾದರೆ ಒಂದು ಅಡಿಕೆ ಮರಕ್ಕೆ ಒಂದು ಸಲಕ್ಕೆ 175 ಲೀಟರ್. ನವೆಂಬರ್-ಡಿಸೆಂಬರಿನಲ್ಲಿ 7-8 ದಿನಕ್ಕೊಮ್ಮೆ, ಜನವರಿ-ಫೆಬ್ರವರಿಯಲ್ಲಿ ಆರು ದಿನಕ್ಕೊಮ್ಮೆ, ಮಾರ್ಚಿನಿಂದ 3-5 ದಿನಕ್ಕೊಮ್ಮೆ. ಡ್ರಿಪ್ ಇದ್ದರೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಇದು ನಮ್ಮ ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಬಹಳ ಕಾಲದಿಂದ ಹೇಳುತ್ತ ಬಂದ ಲೆಕ್ಕ. ಡಿಸೆಂಬರಿನಲ್ಲೇ ದಿನಬಿಟ್ಟು ದಿನ ಪಂಪು ಓಡಿಸಿ, ಏಪ್ರಿಲಿಗೆ ಕೆರೆಯ ತಳ ಕಾಣುವವರು ಪ್ರತಿ ಊರಿನಲ್ಲೂ ಇದ್ದಾರೆ. ಮಳೆಗಾಲ ಪೂರ್ತಿ ಸುಮ್ಮನಿದ್ದ ಪಂಪು ಹಾಕಿದ ಕೂಡಲೇ ನೀರೆತ್ತದಿದ್ದರೆ ಎಲೆಕ್ಟ್ರಿಷಿಯನ್ನಿಗೆ ಫೋನು ಮಾಡುವ ಮೊದಲು ಪಂಪಿಗೆ ಮೇಲಿನಿಂದ ನೀರು ತುಂಬಿಸಿ ಎರಡು ನಿಮಿಷ ಕಾಯಿರಿ. ನೀರು ಇಳಿದುಹೋದರೆ ಪೈಪಿನ ಬುಡದ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆ ಅಥವಾ ಅದರ ವಾಷರ್ ಹೋಗಿದೆ. ನೀರು ನಿಂತೂ ಎತ್ತದಿದ್ದರೆ ಪೈಪಿನ ಜೋಡಣೆಯಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ. ಸ್ಪ್ರಿಂಕ್ಲರಿನ ತೂತು ಕಟ್ಟಿದ್ದರೆ ತೆಳ್ಳಗಿನ ತಂತಿಯಿಂದ ಬಿಡಿಸಬೇಕು. ಮೊಳೆ ಹಾಕಿ ತಿರುಗಿಸಿದರೆ ತೂತು ಅಗಲವಾಗಿ ಆ ಒಂದು ಕಡೆ ನೀರು ಸುರಿದು, ಸಾಲಿನ ಕೊನೆಯವು ತಿರುಗುವುದೇ ಇಲ್ಲ.

ಉಳಿದ ಮನೆಕೆಲಸಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಭೂತೆರಿಗೆ ಆನ್‌ಲೈನಿನಲ್ಲೇ ಕಟ್ಟಬಹುದು. ಹಳೆಯ ರಶೀದಿ ಎದುರಿಗಿದ್ದರೆ ತಂಡಪೇರು (ಭೂಮಿಯ ಖಾತೆ ನಂಬರ್), ಸರ್ವೆ ನಂಬರ್ ಹುಡುಕುವ ಕಷ್ಟ ಇಲ್ಲ, ಇಲ್ಲದಿದ್ದರೆ ಸರಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರ. ಮೇಷ್ಟ್ರುಗಳಿಗೆ ರಜೆ ಇದ್ದರೂ ಸರಕಾರಿ ಕಚೇರಿಗಳು ಇಪ್ಪತ್ತೈದು ಬಿಟ್ಟು ಹೆಚ್ಚಿನ ದಿನ ತೆರೆದಿರುತ್ತವೆ ಎಂಬುದೇ ಈ ರಜೆಯ ಲಾಭ. ಕಪಾಟು, ಅಟ್ಟ ಖಾಲಿ ಮಾಡುವಾಗ ಬರುವ ಪ್ಲಾಸ್ಟಿಕನ್ನು ತೊಳೆದು ಒಣಗಿಸಿ ಗೋಣಿಯಲ್ಲಿ ಕಟ್ಟಿಟ್ಟರೆ ಕಸ ಸಂಗ್ರಹಿಸುವ ಹರಿತ ಕರ್ಮಸೇನೆಯವರು ತಿಂಗಳ ಐವತ್ತು ರೂಪಾಯಿಗೆ ಒಯ್ಯುತ್ತಾರೆ. ಹಳೆಯ ರಿಮೋಟು, ಚಾರ್ಜರು, ಸುಟ್ಟ ಬಲ್ಬು ಬೇರೆ ಚೀಲದಲ್ಲಿರಲಿ.

ಇನ್ನು ಸಿನಿಮಾದ ಕಡೆ ಬರುವ. ಮೊದಲ ವೈರಿ ಕರೆಂಟು. ಇನ್‌ವರ್ಟರ್ ಇದ್ದೂ ಸಿನಿಮಾ ನಿಲ್ಲುತ್ತದೆ, ಯಾಕೆಂದರೆ ಟಿವಿಯ ಪ್ಲಗ್ಗು ಇನ್‌ವರ್ಟರ್ ಲೈನಿನಲ್ಲಿದ್ದರೆ ಇಂಟರ್‌ನೆಟ್ ಡಬ್ಬಿಯ ಪ್ಲಗ್ಗು ಅಲ್ಲಿ ಇರುವುದಿಲ್ಲ. ಫೈಬರ್ ಬರುವ ಡಬ್ಬಿ, ವೈಫೈ ಡಬ್ಬಿ ಬೇರೆ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು. ಲೈನು ಎಳೆಯಲಿಕ್ಕೆ ಆಗದಿದ್ದರೆ ರೂಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಸಾಕು; ಕೊಳ್ಳುವ ಮೊದಲು ಹಳೆಯ ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ. ಬ್ಯಾಟರಿಯ ಲೆಕ್ಕ ಹೀಗೆ: 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವಾಟ್-ಅವರ್ ಇದೆ, ಕೈಗೆ ಸಿಕ್ಕುವುದು 1100ರ ಆಸುಪಾಸು. 43 ಇಂಚಿನ ಎಲ್‌ಇಡಿ ಟಿವಿಗೆ 80 ವಾಟ್, ಮಾಮೂಲಿ ಫ್ಯಾನಿಗೆ 70, ಎರಡು ಬಲ್ಬಿಗೆ 18, ಡಬ್ಬಿಗೆ 12. ಒಟ್ಟು 180. ಬ್ಯಾಟರಿ ಹೊಸದಾದರೆ ಆರು ಗಂಟೆ, ಎಂದರೆ ಎರಡು ಸಿನಿಮಾ. ನಾಲ್ಕೈದು ವರ್ಷ ಹಳೆಯದಾದರೆ ಒಂದು ಸಿನಿಮಾ ದಾಟುವುದೂ ಸಂಶಯ. ರಜೆಯ ಮೊದಲ ದಿನವೇ ಬ್ಯಾಟರಿಯ ನೀರು ನೋಡಿ, ನೀರಿನ ಮಟ್ಟ ತೋರಿಸುವ ಫ್ಲೋಟು ಕೆಳಗೆ ಇದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ. ಬಾವಿ ನೀರು ಎಷ್ಟೇ ಸಿಹಿಯಾಗಿದ್ದರೂ ಅದರಲ್ಲಿನ ಖನಿಜ ಪ್ಲೇಟುಗಳನ್ನು ತಿನ್ನುತ್ತದೆ. ಗೆರೆಯಿಂದ ಮೇಲೆ ತುಂಬಿಸಿದರೆ ಚಾರ್ಜ್ ಆಗುವಾಗ ಆಸಿಡ್ ಹೊರಗೆ ಚೆಲ್ಲುತ್ತದೆ.

ಗುಡ್ಡೆಯ ಮನೆಗಳಲ್ಲಿ ಫೈಬರ್ ಇಲ್ಲದೆ ಫೋನಿನ ಡಾಟಾದಲ್ಲೇ ನೋಡುವವರೂ ಬಹಳ. ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿ ತನಕ ಹೋಗಬಹುದು. ದಿನಕ್ಕೆ ಒಂದೂವರೆ ಜಿಬಿಯ ಪ್ಲಾನಿನಲ್ಲಿ ಇಂಟರ್‌ವಲ್ ತನಕವೂ ಬಾರದು. ತಡೆಯಿಲ್ಲದೆ ಎಚ್‌ಡಿ ನೋಡಲಿಕ್ಕೆ 5 ಎಂಬಿಪಿಎಸ್ ವೇಗ ಬೇಕು, ಇದು ಸಂಜೆ ಏಳರಿಂದ ಹತ್ತರ ತನಕ ಟವರಿನಲ್ಲಿ ಎಲ್ಲರೂ ತುಂಬಿಕೊಂಡಾಗ ಸಿಕ್ಕುವುದು ಕಷ್ಟ. ಬೆಳಿಗ್ಗೆ ಐದಕ್ಕೆ ಟರ್ಪಾಲು ತೆಗೆಯಲು ಎದ್ದವರು ಅದೇ ಹೊತ್ತಿಗೆ ಡೌನ್‌ಲೋಡ್ ಹಾಕಿಬಿಟ್ಟರೆ ಎರಡೂ ಕೆಲಸ ಆಗುತ್ತದೆ. ಡೌನ್‌ಲೋಡಿನಲ್ಲಿ ಜನ ಎಡವುವ ಜಾಗ ಎರಡು. ಕೆಲವು ಆಪ್‌ಗಳಲ್ಲಿ ಆಯ್ದ ಭಾಷೆಯ ಆಡಿಯೋ ಮಾತ್ರ ಇಳಿಯುತ್ತದೆ. ಮಲಯಾಳದಲ್ಲಿ ಇಳಿಸಿಟ್ಟು ರಾತ್ರಿ ಅಜ್ಜಿಗೆ ಕನ್ನಡ ಬೇಕೆಂದರೆ ಸಿಕ್ಕುವುದಿಲ್ಲ. ಇನ್ನೊಂದು, ಇಳಿಸಿದ್ದಕ್ಕೆ ಅವಧಿ ಇದೆ. ಒಮ್ಮೆ ನೋಡಲು ಶುರುಮಾಡಿದರೆ ಹಲವು ಸಿನಿಮಾಗಳಿಗೆ 48 ಗಂಟೆ ಮಾತ್ರ. ಮೊದಲ ಹತ್ತು ನಿಮಿಷ ಪರೀಕ್ಷೆಗೆ ನೋಡಿಟ್ಟು ಮೂರು ದಿನ ಬಿಟ್ಟು ಕೂತರೆ ತೆರೆಯುವುದಿಲ್ಲ.

ಟಿವಿಯ ಸೆಟ್ಟಿಂಗಿಗೆ ಹದಿನೈದು ನಿಮಿಷ ಕೊಡಿ, ಹೊಸ ಟಿವಿ ಕೊಂಡಷ್ಟೇ ಲಾಭ. ಅಂಗಡಿಯ ಬೆಳಕಿನಲ್ಲಿ ಕಣ್ಣಿಗೆ ಹೊಡೆಯಲೆಂದು ಹಾಕಿದ ‘ವಿವಿಡ್’ ಅಥವಾ ‘ಡೈನಾಮಿಕ್’ ಮೋಡಿನಲ್ಲೇ ನಮ್ಮ ಹೆಚ್ಚಿನ ಟಿವಿಗಳು ಆಯುಷ್ಯ ಕಳೆಯುತ್ತವೆ. ಅದರಲ್ಲಿ ಮುಖಗಳೆಲ್ಲ ಕೆಂಪು, ಬಿಳಿ ಪಂಚೆ ನೀಲಿ. ರಾತ್ರಿ ಸಿನಿಮಾಕ್ಕೆ ‘ಸಿನಿಮಾ’, ‘ಮೂವಿ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್ ಹಾಕಿ. ಮೊದಲ ಐದು ನಿಮಿಷ ಹಳದಿಯಾಗಿ ಕಾಣುತ್ತದೆ, ಮತ್ತೆ ಕಣ್ಣು ಒಗ್ಗಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾದದ್ದು ಚಲನೆಯನ್ನು ನಯಮಾಡುವ ಸೌಲಭ್ಯ. ಸೋನಿಯಲ್ಲಿ ಇದರ ಹೆಸರು ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗಿನಲ್ಲಿ ಪಿಕ್ಚರ್ ಕ್ಲಾರಿಟಿ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚಿತ್ರದಂತೆ. ಟಿವಿ ನಡುವೆ ತನ್ನದೇ ಚಿತ್ರ ಹೆಣೆದು ಸೇರಿಸುವಾಗ ದೊಡ್ಡ ಬಜೆಟಿನ ಸಿನಿಮಾವೂ ಮಧ್ಯಾಹ್ನದ ಧಾರಾವಾಹಿಯ ಹಾಗೆ ಕಾಣುತ್ತದೆ. ಕ್ರಿಕೆಟ್ಟಿಗೆ ಇರಲಿ, ಸಿನಿಮಾಕ್ಕೆ ಆಫ್ ಮಾಡಿ. ಶಾರ್ಪ್‌ನೆಸ್ಸನ್ನೂ ಇಳಿಸಿ, ಹೆಚ್ಚಿಟ್ಟರೆ ವಿವರ ಹೆಚ್ಚಾಗುವುದಿಲ್ಲ, ಕೂದಲಿನ ಸುತ್ತ ಬಿಳಿ ಗೆರೆ ಬರುತ್ತದೆ ಅಷ್ಟೆ.

ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಮನೆಯಲ್ಲಿ ಯಾರಾದರೂ ಒಬ್ಬರು ರಿಮೋಟು ಕೇಳಿ ಝೂಮ್ ಒತ್ತುತ್ತಾರೆ. ಕೊಡಬೇಡಿ. ಅಗಲ ಪರದೆಯ ಸಿನಿಮಾದ ಅನುಪಾತ 2.39:1, ಟಿವಿಯದ್ದು 16:9. ಪರದೆ ತುಂಬಿಸಿದರೆ ಎಡಬಲದಿಂದ ಒಟ್ಟು ಕಾಲಂಶ ಚಿತ್ರ ಹೋಗುತ್ತದೆ. ಜಗಲಿಯ ಎರಡು ತುದಿಯಲ್ಲಿ ಕೂತು ಮಾತಾಡುವ ಇಬ್ಬರಲ್ಲಿ ಒಬ್ಬರು ಮಾಯ. ಹಳೆಯ ಕಪ್ಪುಬಿಳುಪು ಸಿನಿಮಾಗಳದ್ದು ಇದಕ್ಕೆ ತಿರುಗುಮುರುಗು. ಅವು ಚೌಕದ ಹತ್ತಿರದ ಆಕಾರದವು, ಎಳೆದು ಅಗಲ ಮಾಡಿದರೆ ನಾಯಕಿಯರೆಲ್ಲ ಕುಳ್ಳಗೆ ದಪ್ಪಗೆ ಕಾಣುತ್ತಾರೆ. ಅಳತೆ ಸರಿ ಇದೆಯೇ ಎಂದು ನೋಡಲು ಸುಲಭದ ದಾರಿ, ಗಡಿಯಾರ ಅಥವಾ ಬಂಡಿಚಕ್ರ ಬರುವ ದೃಶ್ಯ. ಉರುಟಾಗಿ ಕಂಡರೆ ಸರಿ ಇದೆ.

ಕೂರುವ ದೂರವೂ ಲೆಕ್ಕದ್ದು. ಪರದೆಯ ಕರ್ಣದ ಅಳತೆಯನ್ನು 1.6ರಿಂದ ಗುಣಿಸಿ: 43 ಇಂಚಿಗೆ ಸುಮಾರು ಆರಡಿ, 55 ಇಂಚಿಗೆ ಏಳೂಕಾಲಡಿ. ನಮ್ಮ ಚಾವಡಿಗಳಲ್ಲಿ ಟಿವಿ ಒಂದು ಗೋಡೆಗೆ, ಸೋಫಾ ಎದುರು ಗೋಡೆಗೆ ಅಂಟಿ, ನಡುವೆ ಹದಿನಾಲ್ಕು ಅಡಿ ಇರುತ್ತದೆ. ಸಬ್‌ಟೈಟಲ್ ಕಾಣುವುದಿಲ್ಲ ಎಂದು ಅಜ್ಜ ಹೇಳಿದರೆ ತಪ್ಪು ಅವರ ಕಣ್ಣಿನದ್ದಲ್ಲ. ಕುರ್ಚಿ ಎದುರಿಗೆ ಎಳೆದುಕೊಳ್ಳಿ. ಟಿವಿಯ ಮಧ್ಯಭಾಗ ಕೂತವರ ಕಣ್ಣಿನ ಮಟ್ಟಕ್ಕೆ ಹತ್ತಿರ ಇರಬೇಕು. ದೇವರ ಫೋಟೋದ ಸಾಲಿಗೆ ಏರಿಸಿ ಮೊಳೆ ಹೊಡೆಸಿದ ಮನೆಗಳಲ್ಲಿ ಎರಡೂವರೆ ಗಂಟೆ ಕತ್ತು ಎತ್ತಿ ಕೂತು ಮರುದಿನ ಎಣ್ಣೆ ತಿಕ್ಕಿಸಿಕೊಳ್ಳುವುದೇ.

‘ಮಾತು ಕೇಳುವುದಿಲ್ಲ, ಹಾಡು ಬಂದರೆ ಮನೆ ನಡುಗುತ್ತದೆ’ ಎಂಬ ದೂರಿಗೂ ಕಾರಣ ಉಂಟು. ಸಿನಿಮಾದ 5.1, ಎಂದರೆ ಆರು ಸ್ಪೀಕರಿನ, ಧ್ವನಿಯಲ್ಲಿ ಮಾತು ಬರುವುದು ನಡುವಿನ ಸ್ಪೀಕರಿಗೆ. ಟಿವಿಯಲ್ಲಿ ಇರುವುದು ಎರಡೇ, ಅದೂ ಕೆಳಗೆ ಮುಖ ಮಾಡಿದ್ದು. ಆರು ದಾರಿಯ ಧ್ವನಿಯನ್ನು ಎರಡಕ್ಕೆ ತುರುಕುವಾಗ ಮಾತು ಸೊರಗುತ್ತದೆ. ಆಪ್‌ನಲ್ಲಿ 5.1 ಬದಲು ಸ್ಟೀರಿಯೋ ಆಡಿಯೋ ಆಯ್ಕೆ ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಟಿವಿಯ ಧ್ವನಿ ಮೆನುವಿನಲ್ಲಿ ‘ಕ್ಲಿಯರ್ ವಾಯ್ಸ್’ ಅಥವಾ ‘ನೈಟ್ ಮೋಡ್’ ಹೆಸರಿನಲ್ಲಿ ಏನಾದರೂ ಇರುತ್ತದೆ. ಸೌಂಡ್‌ಬಾರ್ ಇದ್ದವರು ಅದನ್ನು ಬ್ಲೂಟೂತಿಗೆ ಸಿಕ್ಕಿಸಬೇಡಿ, ತುಟಿ ಮೊದಲು ಆಡುತ್ತದೆ, ಮಾತು ಮತ್ತೆ ಬರುತ್ತದೆ. ಎಚ್‌ಡಿಎಂಐ ಕೇಬಲನ್ನು ಟಿವಿಯ ಹಿಂದೆ ‘ಎಆರ್‌ಸಿ’ ಎಂದು ಬರೆದ ತೂತಿಗೇ ಹಾಕಬೇಕು. ಪಕ್ಕದ್ದಕ್ಕೆ ಹಾಕಿದರೆ ಟಿವಿಯ ಧ್ವನಿ ಸೌಂಡ್‌ಬಾರಿಗೆ ಬರುವುದಿಲ್ಲ.

ಸಿನಿಮಾ ಯಾವುದು ಎಂಬ ಪ್ರಶ್ನೆಗೆ ಉತ್ತರ ಚಾವಡಿಯಲ್ಲಿ ಕೂತವರು ಯಾರು ಎಂಬುದರ ಮೇಲೆ. ಕಾಸರಗೋಡಿನ ಒಂದೇ ಮನೆಯಲ್ಲಿ ಕನ್ನಡ, ತುಳು, ಮಲಯಾಳ ಮೂರೂ ನಡೆಯುತ್ತದೆ, ಆದರೆ ಎಲ್ಲರಿಗೂ ಎಲ್ಲವೂ ಬರುವುದಿಲ್ಲ. ಶಾಲೆಗೆ ಹೋಗುವ ಮಗಳಿಗೆ ಮಲಯಾಳ ಸಲೀಸು, ಪುತ್ತೂರಿನಿಂದ ಬಂದ ಅತ್ತೆಗೆ ಅರ್ಧಂಬರ್ಧ. ಸಂಭಾಷಣೆಯೇ ಜೀವಾಳವಾದ ಮಲಯಾಳ ಸಿನಿಮಾವನ್ನು ಡಬ್ಬಿಂಗಿನಲ್ಲಿ ನೋಡುವುದು ನನ್ನ ಮಟ್ಟಿಗೆ ನಷ್ಟವೇ, ಅದರಲ್ಲೂ ನಮ್ಮ ಜಿಲ್ಲೆಯ ಮಾತಿನ ಧಾಟಿ ಇದ್ದರೆ. 2017ರ ‘ತೊಂಡಿಮುದಲುಂ ದೃಕ್ಸಾಕ್ಷಿಯುಂ’ ನಡೆಯುವುದೇ ಕಾಸರಗೋಡಿನ ಠಾಣೆಯೊಂದರಲ್ಲಿ; ಅದನ್ನು ಮೂಲ ಧ್ವನಿಯಲ್ಲೇ ಕೇಳಬೇಕು, ಅತ್ತೆಗೆ ಪಕ್ಕದಲ್ಲಿ ಕೂತು ಪಿಸುಗುಟ್ಟಿದರಾಯಿತು. ಹೊಡೆದಾಟದ ಸಿನಿಮಾಕ್ಕೆ ಕನ್ನಡ ಡಬ್ಬಿಂಗು ಧಾರಾಳ. ಮಕ್ಕಳೊಟ್ಟಿಗೆ ನೋಡಲಿಕ್ಕೆ 2018ರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಇದೆ. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬಂದರೆ ಏನಾಗುತ್ತದೆ ಎಂದು ನಮ್ಮ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಮಕ್ಕಳ ಸಿನಿಮಾಕ್ಕಿರುವ ರಾಷ್ಟ್ರಪ್ರಶಸ್ತಿ ಬಂದದ್ದು ಅದಕ್ಕೆ. ಥಿಯೇಟರಿಗೆ ಬಂದು ಹೋದದ್ದೇ ಗೊತ್ತಾಗದ ಮಲಯಾಳದ ಸಣ್ಣ ಸಿನಿಮಾಗಳಿಗೆ ಕೇರಳ ಸರಕಾರದ್ದೇ ‘ಸಿ-ಸ್ಪೇಸ್’ ಎಂಬ ಒಟಿಟಿ (ನೆಟ್ಟಿನಲ್ಲಿ ಸಿನಿಮಾ ನೋಡುವ ಆಪ್) 2024ರ ಮಾರ್ಚಿನಲ್ಲಿ ಶುರುವಾಗಿದೆ. ತಿಂಗಳ ಚಂದಾ ಇಲ್ಲ, ನೋಡಿದ ಸಿನಿಮಾಕ್ಕೆ ಮಾತ್ರ ದುಡ್ಡು. ಶುರುವಾದಾಗ ಒಂದಕ್ಕೆ 75 ರೂಪಾಯಿ ಇತ್ತು.

ಮಕ್ಕಳಿದ್ದಾಗ ಸರ್ಟಿಫಿಕೇಟಿನ ಮೇಲೆ ಕಣ್ಣಿರಲಿ. 2024ರ ನವೆಂಬರಿನಿಂದ ಸೆನ್ಸಾರ್ ಮಂಡಳಿ ಯು/ಎ (ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬೇಕಾದ್ದು) ಎಂಬುದನ್ನು ಮೂರು ಮಾಡಿದೆ: 7 ದಾಟಿದವರಿಗೆ, 13 ದಾಟಿದವರಿಗೆ, 16 ದಾಟಿದವರಿಗೆ. ಒಟಿಟಿಯಲ್ಲಿ ಈ ವಿಂಗಡಣೆ 2021ರ ನಿಯಮದಿಂದಲೇ ಇದೆ, 13ರ ಮೇಲಿನದ್ದಕ್ಕೆ ಬೀಗ ಹಾಕುವ ಸೌಲಭ್ಯವೂ ಇರಬೇಕು. ಈ ವಿಂಗಡಣೆಗಿಂತ ಹಳೆಯ ಸಿನಿಮಾಗಳ ಬರೀ ಯು/ಎಯನ್ನು ನಂಬಿ ಎಂಟು ವರ್ಷದವನನ್ನು ಕೂರಿಸಬೇಡಿ, ಅದರೊಳಗೆ ಏನೂ ಇರಬಹುದು. ಬೀಗದ ಪಿನ್ನು ಮನೆಯ ಗೇಟಿನ ನಂಬರೋ ಅಪ್ಪನ ಬೈಕಿನ ನಂಬರೋ ಆಗಿರಬಾರದು, ಮಕ್ಕಳು ಮೊದಲು ಒತ್ತಿನೋಡುವುದೇ ಅದನ್ನು.

ಒಂದು ಸಿನಿಮಾವಾದರೂ ಟಾಕೀಸಿನಲ್ಲಿ ನೋಡಬೇಕು. ಮಲಯಾಳದ್ದಾದರೆ ಕಾಸರಗೋಡು, ಕಾಞಂಗಾಡಿನಲ್ಲೇ ಆಗುತ್ತದೆ. ಸಣ್ಣ ಬಜೆಟಿನ ಕನ್ನಡಕ್ಕೆ, ತುಳುವಿಗೆ ಮಂಗಳೂರೇ ಗತಿ. ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್, ಎರಡೂ ರಾಜ್ಯದ ಸರಕಾರಿ ಬಸ್ಸುಗಳು ಓಡುತ್ತವೆ. ಬದಿಯಡ್ಕದ ಕಡೆಯವರು ಕುಂಬಳೆಗೆ ಇಳಿದು ಹಿಡಿಯಬಹುದು. ಬೆಳಗ್ಗಿನ ಶೋ ಆರಿಸಿ. ಅದರ ಟಿಕೆಟು ಸಾಮಾನ್ಯವಾಗಿ ಅಗ್ಗ, ಮಧ್ಯಾಹ್ನದ ಊಟ ಮುಗಿಸಿ ಹೊರಟರೂ ಸೂರ್ಯ ಇಳಿಯುವ ಮೊದಲು ಅಡಿಕೆ ಮುಚ್ಚಲು ಮನೆಯಲ್ಲಿರಬಹುದು. ಸಂಜೆಯ ಶೋಗೆ ಹೋದರೆ ಮಂಗಳೂರಿನಿಂದ ಬಸ್ಸು ಸಿಕ್ಕೀತು, ಹೆದ್ದಾರಿಯಿಂದ ಒಳಗಿನ ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪಿರುತ್ತದೆ, ಮತ್ತೆ ಆಟೋದವರು ಹೇಳಿದ್ದೇ ರೇಟು. ಆಪ್‌ನಲ್ಲಿ ಬುಕ್ ಮಾಡುವಾಗ ಟಿಕೆಟ್ಟೊಂದಕ್ಕೆ ಬೇರೆ ಶುಲ್ಕ ಬೀಳುತ್ತದೆ, ಐದಾರು ಜನ ಇದ್ದರೆ ಅದೇ ಒಂದು ಊಟದ ದುಡ್ಡು. ವಾರದ ನಡುವಿನ ಬೆಳಗಿನ ಶೋಗೆ ಕೌಂಟರಿನಲ್ಲೇ ಸಿಕ್ಕುತ್ತದೆ. ತೆರಿಗೆಯೂ ನೂರು ರೂಪಾಯಿಯ ತನಕದ ಟಿಕೆಟಿಗೆ 5 ಶೇಕಡಾ, ಅದರಿಂದ ಮೇಲೆ 18. ಸೀಟು ಹಿಂದಿನಿಂದ ಮೂರನೇ ಒಂದು ಭಾಗದಲ್ಲಿ, ಸಾಲಿನ ನಡುವೆ. ಧ್ವನಿ ನಾಲ್ಕು ಕಡೆಯಿಂದಲೂ ಸಮ ಬರುವುದು ಅಲ್ಲಿಗೆ.

ಮನೆಯಲ್ಲಿ ನೋಡುವ ರಾತ್ರಿಗೆ ಬಾಯಾಡಿಸಲು ಬೇಕಾದ್ದು ನೇಂದ್ರ ಬಾಳೆಕಾಯಿಯ ಚಿಪ್ಸು. ನಾಲ್ಕು ಜನಕ್ಕೆ ನಾಲ್ಕು ಕಾಯಿ, ಅರ್ಧ ಲೀಟರ್ ತೆಂಗಿನೆಣ್ಣೆ. ಕಾಯಿ ಪೂರ್ತಿ ಹಸಿರಾಗಿ ಗಟ್ಟಿ ಇರಬೇಕು. ಸ್ವಲ್ಪ ಹಳದಿ ತಿರುಗಿದರೂ ಸಕ್ಕರೆಯ ಅಂಶ ಏರಿ, ಗರಿಯಾಗುವ ಮೊದಲೇ ಕಂದಿಹೋಗುತ್ತದೆ. ಕೈಗೆ ಎಣ್ಣೆ ಸವರಿಕೊಂಡು ತುದಿ ಕತ್ತರಿಸಿ, ಉದ್ದಕ್ಕೆ ಗೀರು ಹಾಕಿ ಸಿಪ್ಪೆ ಬಿಡಿಸಿ, ಅರಸಿನ ಹಾಕಿದ ನೀರಿನಲ್ಲಿ ಹದಿನೈದು ನಿಮಿಷ ಮುಳುಗಿಸಿಡಿ, ಮೇಣ ಬಿಡುತ್ತದೆ. ಬಟ್ಟೆಯಲ್ಲಿ ಚೆನ್ನಾಗಿ ಒರೆಸಬೇಕು. ಕಾಲು ಲೋಟ ನೀರಿಗೆ ಎರಡು ಚಮಚ ಉಪ್ಪು ಕರಗಿಸಿ ಪಕ್ಕಕ್ಕಿರಲಿ. ಎಣ್ಣೆ ಕಾದಿದೆಯೇ ಎಂದು ಒಂದು ಹೋಳು ಬಿಟ್ಟು ನೋಡಿ, ಕೂಡಲೇ ಮೇಲೆ ಬಂದರೆ ಸರಿ. ಚಿಪ್ಸಿನ ಮಣೆಯಲ್ಲಿ ಒಂದೂವರೆ ಮಿಲಿಮೀಟರ್ ದಪ್ಪಕ್ಕೆ, ಒಂದು ಸಲಕ್ಕೆ ಒಂದೇ ಕಾಯಿ. ಹೆಚ್ಚು ಹಾಕಿದರೆ ಎಣ್ಣೆ ತಣಿದು ಹೋಳುಗಳು ಒಂದಕ್ಕೊಂದು ಅಂಟುತ್ತವೆ. ಜಾಲರಿ ಸಟ್ಟುಗದಲ್ಲಿ ಬಿಡಿಸುತ್ತಿದ್ದು, ನೊರೆ ಅರ್ಧಕ್ಕೆ ಇಳಿದು ಹೋಳುಗಳು ಬಾಣಲೆಗೆ ತಾಗುವಾಗ ಗಟ್ಟಿ ಸದ್ದು ಬಂದ ಮೇಲೆ ಒಂದೇ ಚಮಚ ಉಪ್ಪುನೀರು ಹಾಕಿ ಹಿಂದೆ ಸರಿಯಿರಿ. ಜೋರಾಗಿ ಸಿಡಿಯುತ್ತದೆ, ಮಕ್ಕಳು ಹತ್ತಿರ ಇರಬಾರದು. ಆ ಸಿಡಿತ ಪೂರ್ತಿ ನಿಂತ ಹೊತ್ತೇ ತೆಗೆಯುವ ಹೊತ್ತು. ಉಪ್ಪುನೀರು ಬೇಗ ಹಾಕಿದರೆ ಮೆತ್ತಗೆ, ತಡವಾಗಿ ಹಾಕಿದರೆ ಉಪ್ಪು ಹಿಡಿಯುವುದಿಲ್ಲ. ಪೂರ್ತಿ ತಣಿಯದೆ ಡಬ್ಬಕ್ಕೆ ತುಂಬಿದರೆ ಇಂಟರ್‌ವಲ್ಲಿಗೆ ಚಿಪ್ಸು ಇರುತ್ತದೆ, ಗರಿ ಇರುವುದಿಲ್ಲ.

ಪ್ರೊಜೆಕ್ಟರ್ ಬಾಡಿಗೆಗೆ ತಂದು ಅಂಗಳದಲ್ಲಿ ನೋಡುವ ಎಂಬ ಆಸೆ ಪ್ರತಿ ರಜೆಗೂ ಒಬ್ಬರಿಗೆ ಬರುತ್ತದೆ. ಡಿಸೆಂಬರಿನಲ್ಲಿ ಅಂಗಳ ಅಡಿಕೆಯದ್ದು, ಮೇಲಿನಿಂದ ಇಬ್ಬನಿ ಬೇರೆ. ತಣ್ಣಗಿನ ಲೆನ್ಸಿನ ಮೇಲೆ ಮಂಜು ಕೂತು ಚಿತ್ರ ಮಸುಕಾಗುತ್ತದೆ. ಜಗಲಿಯ ಒಳಗೋಡೆಯೇ ಒಳ್ಳೆಯದು. 100 ಇಂಚಿನ ಚಿತ್ರ 221 ಸೆಂಟಿಮೀಟರ್ ಅಗಲ, ಸುಮಾರು 125 ಎತ್ತರ. ಥ್ರೋ ಅನುಪಾತ (ಚಿತ್ರದ ಅಗಲದ ಎಷ್ಟು ಪಟ್ಟು ದೂರ ಬೇಕೆಂಬುದು) 1.2 ಎಂದು ಬರೆದ ಯಂತ್ರವನ್ನು ಗೋಡೆಯಿಂದ ಎರಡು ಮೀಟರ್ 65 ಸೆಂಟಿಮೀಟರ್ ದೂರ ಇಡಬೇಕು, ಅಷ್ಟು ಜಾಗ ಇದೆಯೇ ಎಂದು ಮೊದಲೇ ಅಳೆದುಕೊಳ್ಳಿ. ಕೆಳಗಿಟ್ಟು ಓರೆ ಮಾಡಿ, ಕೀಸ್ಟೋನ್ ಒತ್ತಿ ನೇರ ಮಾಡುವುದಕ್ಕಿಂತ ಎತ್ತರದ ಸ್ಟೂಲಿನ ಮೇಲೆ ನೆಟ್ಟಗೆ ಇಟ್ಟರೆ ಅಕ್ಷರಗಳು ಸ್ಪಷ್ಟ. ಡಬ್ಬಿಯ ಮೇಲೆ ‘4ಕೆ ಸಪೋರ್ಟ್’ ಎಂದಿದ್ದರೆ 4ಕೆ ಒಳಗೆ ತೆಗೆದುಕೊಳ್ಳುತ್ತದೆ ಎಂದಷ್ಟೇ. ಹೊರಗೆ ಎಷ್ಟು ಕೊಡುತ್ತದೆ ಎಂದು ತಿಳಿಯಲು ‘ನೇಟಿವ್’ ಎಂಬುದರ ಎದುರಿನ ಅಂಕಿ ನೋಡಿ.

ಇದೆಲ್ಲ ಬರೆದಿಟ್ಟ ಕ್ಯಾಲೆಂಡರಿನಲ್ಲಿ ಊರಿನ ಯಕ್ಷಗಾನದ ಆಟ, ಭೂತಕೋಲ, ತೆಯ್ಯಗಳ ದಿನಗಳನ್ನು ಮೊದಲೇ ಗುರುತು ಹಾಕಿಕೊಳ್ಳಿ. ಯಕ್ಷಗಾನ ಮೇಳಗಳು ನವೆಂಬರಿನಿಂದ ತಿರುಗಾಟದಲ್ಲಿರುತ್ತವೆ. ಈಗ ಹಲವು ಮೇಳಗಳದ್ದು ಕಾಲಮಿತಿಯ ಆಟವಾದ್ದರಿಂದ ಮಧ್ಯರಾತ್ರಿಗೆ ಮನೆ ಸೇರಬಹುದು. ಎದುರಿನ ಗದ್ದೆಯಲ್ಲಿ ಚೆಂಡೆ ಬಾರಿಸುವ ರಾತ್ರಿ ಚಾವಡಿಯಲ್ಲಿ ಸೌಂಡ್‌ಬಾರ್ ಏರಿಸಿ ಕೂರುವುದರಲ್ಲಿ ನನಗೇನೂ ಅರ್ಥ ಕಾಣುವುದಿಲ್ಲ. ಸಿನಿಮಾ ಮರುದಿನವೂ ಅಲ್ಲೇ ಇರುತ್ತದೆ.

ಶಾಲೆ ತೆರೆಯುವ ಎರಡು ದಿನ ಮೊದಲು, ರಜೆಗೆಂದು ಹಾಕಿಸಿದ ಒಟಿಟಿ ಚಂದಾ ನಿಲ್ಲಿಸಿ. ಟಿವಿಯಿಂದ ಆಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ. ಆ ಆಪ್‌ನ ಖಾತೆಯೊಳಗೆ ಹೋಗಿ ರದ್ದು ಒತ್ತಬೇಕು, ಯುಪಿಐಯಲ್ಲಿ ಕಟ್ಟಿದ್ದರೆ ಅಲ್ಲಿಯ ‘ಆಟೋಪೇ’ಯಲ್ಲೂ ಒಮ್ಮೆ ನೋಡಿ ಮ್ಯಾಂಡೇಟ್ (ತಾನಾಗಿ ದುಡ್ಡು ಕಡಿಯಲು ಕೊಟ್ಟ ಒಪ್ಪಿಗೆ) ತೆಗೆಯಬೇಕು. ದುಡ್ಡು ಕಡಿಯುವ 24 ಗಂಟೆ ಮೊದಲು ಮೆಸೇಜು ಬರುತ್ತದೆ, ಆದರೆ ಬ್ಯಾಂಕಿನ ಉಳಿದ ಮೆಸೇಜುಗಳ ರಾಶಿಯಲ್ಲಿ ಅದನ್ನು ಯಾರು ಓದುತ್ತಾರೆ! ರದ್ದು ಮಾಡಿದರೂ ಹೆಚ್ಚಿನ ಕಡೆ ಕಟ್ಟಿದ ತಿಂಗಳು ಮುಗಿಯುವ ತನಕ ನೋಡಬಹುದು. ಪಟ್ಟಿಯಲ್ಲಿ ಒಂದೆರಡು ಉಳಿದಿದ್ದರೆ ಜನವರಿಯ ಭಾನುವಾರಗಳಿಗಾಯಿತು.